ಕಣ್ಣಿನ ಅಕ್ಷರ, ಕಿವಿಯ ಅಕ್ಷರ

ಒಳ್ಳೆಯ ಅಚ್ಚಿನ ಪುಸ್ತಕವನ್ನು ಓದುವಾಗ ನಾವು ಅಕ್ಷರಗಳನ್ನು ನೋಡುವುದಿಲ್ಲ. ಕಣ್ಣು ಅವುಗಳ ಮೇಲೆ ಹಾದುಹೋಗುತ್ತದೆ. ಮನಸ್ಸು ಅರ್ಥದಲ್ಲಿ ನೆಲೆಸಿರುತ್ತದೆ. ಮೊಳೆ ಸವೆದು ಒತ್ತು ಮಸುಕಾದಾಗಲೋ, ಸಾಲಿಗೆ ಸಾಲು ತಾಗಿ ಕಣ್ಣು ತಡವರಿಸಿದಾಗಲೋ ಮಾತ್ರ ಇಲ್ಲಿ ಅಕ್ಷರವೆಂಬುದೊಂದು ಇದೆ ಎಂದು ನೆನಪಾಗುತ್ತದೆ. ಸರಿಯಾಗಿರುವ ಹೊಟ್ಟೆಯಂತೆ ಸರಿಯಾಗಿರುವ ಅಕ್ಷರವೂ ತನ್ನ ಇರವನ್ನು ಸಾರಿಕೊಳ್ಳುವುದಿಲ್ಲ. ಇಂಥ ಅಕ್ಷರದ ವಿಷಯದಲ್ಲಿ ಧರ್ಮಾಧರ್ಮದ ಪ್ರಶ್ನೆ ಏಳಬಹುದೆಂದು ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಕ್ಷರ ಅಂದವಾಗಿರಬೇಕು, ಸ್ಪಷ್ಟವಾಗಿರಬೇಕು. ಅದು ರುಚಿಯ ಮಾತೇ ಹೊರತು ನೀತಿಯ ಮಾತಲ್ಲ ಎಂದು ನನ್ನ ನಂಬಿಕೆಯಾಗಿತ್ತು. ಒಂದು ಸಣ್ಣ ಕೆಲಸ ಈ ನಂಬಿಕೆಯನ್ನು ಅಲುಗಿಸಿತು. ಆ ಕಥೆಯನ್ನೂ ಅದರಿಂದ ಎದ್ದ ಯೋಚನೆಯನ್ನೂ ವಾಚಕರ ಮುಂದೆ ಇಡುತ್ತೇನೆ.

ನಮ್ಮ ಬೀದಿಯಲ್ಲಿ ಒಬ್ಬ ಮೇಷ್ಟರಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಬರೆದ ಕೆಲವು ಪ್ರಬಂಧಗಳನ್ನು ಒಂದು ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಐನೂರು ಪ್ರತಿ, ಹಂಚಿದ್ದು ಹೆಚ್ಚು, ಮಾರಿದ್ದು ಕಡಿಮೆ. ಅವರು ತೀರಿಕೊಂಡಾಗ ಮನೆಯಲ್ಲಿ ಉಳಿದಿದ್ದುದು ಎರಡೇ ಪ್ರತಿ. ಅವರ ಪತ್ನಿ ನನ್ನನ್ನು ಕರೆದು, “ಇದನ್ನೇನೋ ಫೋನಿನಲ್ಲಿ ಓದುವ ಹಾಗೆ ಮಾಡುತ್ತಾರಂತಲ್ಲ, ನಿಮಗೆ ಗೊತ್ತಿದ್ದರೆ ಮಾಡಿಕೊಡಿ. ದೂರದಲ್ಲಿರುವ ಹುಡುಗರಿಗೂ ಸಿಗುತ್ತದೆ,” ಎಂದರು. ಪೆನ್ಷನ್ ಪಡೆಯುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ಒಪ್ಪಿಕೊಂಡೆ. ಪುಸ್ತಕ ಅಚ್ಚಾದ ಪ್ರೆಸ್ಸಿನವರು ಹಳೆಯ ಕಡತವನ್ನು ಹುಡುಕಿ ಕೊಟ್ಟರು. ಅದಕ್ಕೆ ಬಳಸಿದ ಫಾಂಟನ್ನೂ ಜೊತೆಗೆ ಕೊಟ್ಟರು. “ಅವರಿಗೆ ಈ ಅಕ್ಷರ ಬಹಳ ಇಷ್ಟ. ರಾಗಿಮುದ್ದೆಯ ಹಾಗೆ ಗುಂಡಗಿದೆ ಅನ್ನುತ್ತಿದ್ದರು. ಅದನ್ನೇ ಇಡಿ,” ಎಂದು ಆಕೆ ಹೇಳಿದರು. ಅದನ್ನೇ ಇಟ್ಟೆ. ನಾಲ್ಕು ದಿನಗಳಲ್ಲಿ ಇ-ಪುಸ್ತಕ ಸಿದ್ಧವಾಯಿತು. ಪರದೆಯ ಮೇಲೆ ಮೇಷ್ಟರ ಪುಟಗಳು ಅಚ್ಚಿನಲ್ಲಿದ್ದಂತೆಯೇ ಮೂಡಿ ಬಂದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಫಾಂಟನ್ನು ಪುಸ್ತಕದೊಳಗೆ ಇಡುವುದೆಂದರೇನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಇ-ಪುಸ್ತಕಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಇ-ಪಬ್ ಎಂಬ ರೂಪ ನಿಜವಾಗಿ ಒಂದು ಗಂಟು. ಬಿಚ್ಚಿದರೆ ಒಳಗೆ ಬರಹದ ಕಡತಗಳು, ಚಿತ್ರಗಳು, ಶೀರ್ಷಿಕೆ ಇಷ್ಟು ದಪ್ಪವಿರಲಿ, ಅಂಚು ಇಷ್ಟಿರಲಿ ಎಂಬ ಸೂಚನೆಯ ಚೀಟಿ ಸಿಕ್ಕುತ್ತವೆ. ಇಲ್ಲಿ ಪುಟವೆಂಬುದು ಸ್ಥಿರವಲ್ಲ. ಫೋನಿನ ಪುಟ್ಟ ಪರದೆಯಲ್ಲಿ ಹತ್ತು ಸಾಲಿಗೇ ಮುಗಿಯುವ ಪುಟ ದೊಡ್ಡ ಪರದೆಯಲ್ಲಿ ಮೂವತ್ತು ಸಾಲಿಗೆ ಹಿಗ್ಗುತ್ತದೆ. ಬರಹಕ್ಕೆ ಕಣ್ಣಿಗೆ ಕಾಣುವ ರೂಪ ಕೊಡುವುದು ಫಾಂಟ್ ಎಂಬ ಇನ್ನೊಂದು ಕಡತ. ಅದನ್ನು ಗಂಟಿನಲ್ಲಿ ಇಡದಿದ್ದರೆ ಓದುಗನ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದರಲ್ಲಿ ಬರಹ ಮೂಡುತ್ತದೆ. ಯಾವುದೂ ಇಲ್ಲದಿದ್ದರೆ ಸಾಲುಸಾಲಾಗಿ ಖಾಲಿ ಚೌಕಗಳು ಮೂಡುತ್ತವೆ. ಈ ಚೌಕಗಳಿಗೆ ‘ಟೋಫು’ ಎಂದು ಅಡ್ಡಹೆಸರು. ಅವು ಎಲ್ಲಿಯೂ ಕಾಣಿಸಬಾರದು ಎಂಬ ಹಂಬಲದಿಂದಲೇ ಗೂಗಲ್ ಸಂಸ್ಥೆ ತನ್ನ ಫಾಂಟುಗಳ ಮಾಲೆಗೆ ‘ನೋಟೋ’ ಎಂದು ಹೆಸರಿಟ್ಟಿತು.

ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲಕ್ಕೂ ಇದಕ್ಕೂ ಒಂದು ದೊಡ್ಡ ಭೇದವಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿತ್ತು. ಇವುಗಳನ್ನು ಕೊಂಡವರ ಮನೆಗೆ ಬಂದುದು ಮೊಳೆಯ ಗುರುತು, ಕಲ್ಲಿನ ಗುರುತು. ಮೊಳೆಯಾಗಲಿ ಕಲ್ಲಾಗಲಿ ಬರಲಿಲ್ಲ. ಅವು ಮುದ್ರಣಾಲಯದಲ್ಲಿಯೇ ಉಳಿದವು. ಫಾಂಟ್ ಅಡಕವಾದ ಇ-ಪುಸ್ತಕದಲ್ಲಿಯಾದರೋ ಪ್ರತಿ ಓದುಗನ ಮನೆಗೂ ಮೊಳೆಯ ಕೇಸೇ ಹೊರಟುಬಿಡುತ್ತದೆ. ಪುಸ್ತಕ ಅಲ್ಲಿ, ಆ ಕ್ಷಣದಲ್ಲಿ, ಓದುಗನ ಕೈಯಲ್ಲಿಯೇ ಅಚ್ಚಾಗುತ್ತದೆ. ಆದುದರಿಂದ ಮೊಳೆ ಎರಕ ಹೊಯ್ದವನು, ಬರೆದವನು, ಓದುವವನು, ಈ ಮೂವರೂ ಒಂದೇ ಪುಟದ ಮೇಲೆ ತಮ್ಮ ತಮ್ಮ ಹಕ್ಕನ್ನು ಹೇಳುವಂತಾಗಿದೆ. ನಡುವೆ ನಿಂತಿರುವವನು ಪುಸ್ತಕವನ್ನು ಸಿದ್ಧಪಡಿಸುವವನು. ಅವನು ಯಾರಿಗೆ ಋಣಿ?

ಮೊದಲು ಆಯ್ಕೆಯ ವಿಷಯ. ೧೯೩೦ರಲ್ಲಿ ಬಿಯಾಟ್ರಿಸ್ ವಾರ್ಡ್ ಎಂಬಾಕೆ ಲಂಡನ್ನಿನ ಮುದ್ರಣಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣ ಈಗಲೂ ಹೆಸರಾಗಿದೆ. ಒಳ್ಳೆಯ ದ್ರಾಕ್ಷಾರಸವನ್ನು ಚಿನ್ನದ ಬಟ್ಟಲಲ್ಲಿ ಕುಡಿಯುವುದಕ್ಕಿಂತ ತಿಳಿಗಾಜಿನ ಬಟ್ಟಲಲ್ಲಿ ಕುಡಿಯುವುದು ಲೇಸು, ಏಕೆಂದರೆ ಒಳಗಿನದನ್ನು ತೋರಿಸುವುದೇ ಬಟ್ಟಲಿನ ಕೆಲಸ. ಅಕ್ಷರವೂ ಹಾಗೆಯೇ ಇರಬೇಕು ಎಂಬುದು ಆಕೆಯ ವಾದ. ವಾದ ಸೊಗಸಾಗಿದೆ. ಆದರೆ ನಾನು ಬೆಳೆದ ಮನೆಯಲ್ಲಿ ದ್ರಾಕ್ಷಾರಸವಿರಲಿಲ್ಲ, ಹಿತ್ತಾಳೆಯ ಪಾತ್ರೆಗಳಿದ್ದವು. ನಮ್ಮ ಅಜ್ಜಿ ಪಾತ್ರೆಯ ಹೊರಮೈಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಥಳಥಳಿಸುವಂತೆ ಮಾಡುತ್ತಿದ್ದಳು. ಆದರೂ ಸಾರು ಮಾಡುವ ಮುಂಚೆ ಒಳಗೆ ಬಗ್ಗಿ ನೋಡುತ್ತಿದ್ದಳು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಕಿಲುಬು ಬಿಟ್ಟು ಅಡಿಗೆ ವಿಷವಾಗುತ್ತದೆ. ಪಾತ್ರೆ ಒಳಗಿನದನ್ನು ತೋರಿಸಿದರೆ ಸಾಲದು, ಕೆಡಿಸಲೂಬಾರದು ಎಂಬುದು ಆಕೆಯ ಶಾಸ್ತ್ರ.

ಕನ್ನಡಕ್ಕೆ ಪಾತ್ರೆ ಹುಡುಕುವುದು ಸುಲಭವಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ; ‘ರಾಷ್ಟ್ರ’, ‘ಸ್ತ್ರೀ’ ಮೊದಲಾದವುಗಳಲ್ಲಿ ಎರಡೆರಡು ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತುಬಿಡುತ್ತದೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ತೆಳುಗೆರೆಯ ಅಕ್ಷರ ಅಗ್ಗದ ಪರದೆಯ ಮೇಲೆ ಸವೆದಂತೆ ಕಾಣಬಹುದು. ಜಾಹೀರಾತಿಗೆ ಒಪ್ಪುವ ದಪ್ಪಕ್ಷರ ಇನ್ನೂರು ಪುಟದ ಓದಿಗೆ ಒಪ್ಪುವುದಿಲ್ಲ. ಇಷ್ಟನ್ನೂ ನಾನು ತಕ್ಕಮಟ್ಟಿಗೆ ಗಮನಿಸಿದ್ದೆ. ಹೊರಮೈಯನ್ನು ಚೆನ್ನಾಗಿಯೇ ತಿಕ್ಕಿದ್ದೆ. ಒಳಗೆ ಬಗ್ಗಿ ನೋಡಿರಲಿಲ್ಲ.

ನನ್ನ ಸಂತೋಷಕ್ಕೆ ಮೊದಲ ಪೆಟ್ಟು ಕೊಟ್ಟವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ಪುಸ್ತಕವನ್ನು ಬಿಚ್ಚಿ ನೋಡಿ, “ಮಾವ, ಈ ಫಾಂಟನ್ನ ಒಳಗಡೆ ಇಟ್ಟಿದ್ದೀರಲ್ಲ, ಇಡಬಹುದು ಅಂತ ಯಾರು ಹೇಳಿದರು?” ಎಂದ.

“ಪ್ರೆಸ್ಸಿನವರು ದುಡ್ಡು ಕೊಟ್ಟು ತಂದದ್ದು ಕಣೋ,” ಎಂದೆ.

“ಅವರು ತಂದದ್ದು ಅಚ್ಚು ಹಾಕೋದಕ್ಕೆ. ಊರಿಗೆಲ್ಲ ಹಂಚೋದಕ್ಕೆ ಅಲ್ಲವಲ್ಲ.”

ಅವನು ಹೇಳಿದ್ದು ನಿಜವೇ ಆಗಿತ್ತು. ಫಾಂಟನ್ನು ಕೊಳ್ಳುವುದೆಂದರೆ ಸಾಮಾನ್ಯವಾಗಿ ಅದನ್ನು ಬಳಸುವ ಅಪ್ಪಣೆಯನ್ನು ಕೊಳ್ಳುವುದು. ಅಚ್ಚಿಗೆ ಒಂದು ಅಪ್ಪಣೆ, ಇ-ಪುಸ್ತಕದಲ್ಲಿ ಅಡಕ ಮಾಡುವುದಕ್ಕೆ ಅನೇಕ ವೇಳೆ ಬೇರೊಂದು. ಫಾಂಟಿನ ಕಡತದಲ್ಲಿಯೇ ಇದಕ್ಕೊಂದು ಗುರುತಿನ ಸಂಖ್ಯೆ ಇರುತ್ತದೆ. ಅದು ೦ ಆಗಿದ್ದರೆ ಅಡಕ ಮಾಡಲು ಅಡ್ಡಿಯಿಲ್ಲ. ೨ ಆಗಿದ್ದರೆ ಮಾಡತಕ್ಕದ್ದಲ್ಲ. ೪ ಆಗಿದ್ದರೆ ನೋಡಲು ಮತ್ತು ಅಚ್ಚು ಹಾಕಲು ಮಾತ್ರ. ೮ ಆಗಿದ್ದರೆ ತಿದ್ದುವ ಕಡತದಲ್ಲಿಯೂ ಇಡಬಹುದು. ಆದರೆ ಈ ಸಂಖ್ಯೆ ಯಾರ ಕೈಯನ್ನೂ ಹಿಡಿಯುವುದಿಲ್ಲ. ‘ಹೂ ಕೀಳಬೇಡಿ’ ಎಂದು ತೋಟದಲ್ಲಿ ನೆಟ್ಟ ಹಲಗೆಯಂತೆ ಅದು ಹೇಳುತ್ತದೆ, ಅಷ್ಟೆ.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದಿದೆ. ಇ-ಪಬ್ಬಿನ ನಿಯಮಾವಳಿಯಲ್ಲಿಯೇ ಫಾಂಟನ್ನು ಮರೆಮಾಚಿ ಇಡುವ ಒಂದು ವಿಧಾನವನ್ನು ಹೇಳಿದೆ. ಫಾಂಟ್ ಕಡತದ ಮೊದಲ ೧೦೪೦ ಬೈಟುಗಳನ್ನು ಒಂದು ಕೀಲಿಯಿಂದ ಕಲಸಿಬಿಡುವುದು. ಆ ಕೀಲಿ ಹುಟ್ಟುವುದು ಪುಸ್ತಕದ ಗುರುತಿನ ಸಂಖ್ಯೆಯಿಂದ. ಆ ಸಂಖ್ಯೆಯಿರುವುದು ಅದೇ ಗಂಟಿನೊಳಗೆ! ಬೀಗ ಹಾಕಿ ಬೀಗದ ಕೈಯನ್ನು ಅದೇ ಬಾಗಿಲ ಮೊಳೆಗೆ ತೂಗುಹಾಕಿದಂತೆ. ನಿಯಮ ಮಾಡಿದವರು ದಡ್ಡರಲ್ಲ. ಇದು ಭದ್ರವಾದ ರಕ್ಷಣೆಯಲ್ಲವೆಂದು ಅವರೇ ಒಪ್ಪಿದ್ದಾರೆ. ದಾರಿಯಲ್ಲಿ ಹೋಗುವವನು ಮೈಮರೆತು ಕೈ ಹಾಕದಿರಲಿ, ಕೈ ಹಾಕುವವನಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿದಿರಲಿ ಎಂಬುದಷ್ಟೇ ಉದ್ದೇಶ. ಹಳ್ಳಿಯ ಮನೆಗಳಲ್ಲಿ ಬಾಗಿಲಿಗೆ ಚಿಲಕವಷ್ಟೇ ಹಾಕಿ ಗದ್ದೆಗೆ ಹೋಗುತ್ತಿದ್ದುದನ್ನು ಕಂಡವರಿಗೆ ಇದರ ಮರ್ಮ ತಿಳಿಯುತ್ತದೆ. ಚಿಲಕ ಕಳ್ಳನನ್ನು ತಡೆಯುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ನೆರೆಯವನಿಗೆ ಹೇಳುತ್ತದೆ. ಮರ್ಯಾದೆ ಇರುವ ಕಡೆ ಅಷ್ಟೇ ಸಾಕು.

ಇಲ್ಲಿ ಕಾನೂನನ್ನು ಮುಂದಿಟ್ಟುಕೊಂಡು ವಾದಿಸಿದರೆ ಮೂಲಪ್ರಶ್ನೆ ಮರೆಯಾಗುತ್ತದೆ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ೧೯೭೮ರಲ್ಲಿ ಅಕ್ಷರದ ರೂಪಕ್ಕೆ ಕೃತಿಸ್ವಾಮ್ಯವಿಲ್ಲವೆಂಬ ನಿಲುವನ್ನು ಎತ್ತಿಹಿಡಿಯಿತು. ಫಾಂಟಿನ ಕಡತ ಮಾತ್ರ ಅಲ್ಲಿ ಕಂಪ್ಯೂಟರ್ ಕೃತಿಯಾಗಿ ರಕ್ಷಣೆ ಪಡೆಯುತ್ತದೆ. ದೇಶದಿಂದ ದೇಶಕ್ಕೆ ಕಟ್ಟಳೆ ಬೇರೆ. ನಾನು ಕೇಳಿಕೊಂಡ ಪ್ರಶ್ನೆ ಇನ್ನೂ ಸರಳವಾದುದು. ಗುಣಿತ, ಒತ್ತು, ಅರ್ಕಾವೊತ್ತುಗಳೆಲ್ಲ ಸೇರಿ ಕನ್ನಡ ಫಾಂಟೊಂದಕ್ಕೆ ನೂರಾರು ಆಕಾರಗಳನ್ನು ಒಂದೊಂದಾಗಿ ಬರೆದು, ಯಾವುದು ಯಾವುದರ ಪಕ್ಕದಲ್ಲಿ ಹೇಗೆ ಕೂರಬೇಕೆಂದು ವಿಧಿಸಿದವನೊಬ್ಬನಿದ್ದಾನೆ. ಅವನನ್ನು ಕೇಳದೆ ಅವನ ಕೆಲಸವನ್ನು ಹಂಚಿ ‘ಪುಣ್ಯಕಾರ್ಯ’ ಎಂದು ಹೇಳಿಕೊಳ್ಳಬಹುದೆ? ಮೇಷ್ಟರ ಹೆಸರಿನಲ್ಲಿ ಮಾಡಿದರೂ ಪರರ ಸೊತ್ತು ಪರರ ಸೊತ್ತೇ. ಅದೂ ಅಲ್ಲದೆ, ಬೇರೆ ದಾರಿ ಇಲ್ಲವೆಂದು ಹೇಳುವಂತೆಯೂ ಇರಲಿಲ್ಲ. ಸಿಲ್ ಎಂಬ ಸಂಸ್ಥೆ ೨೦೦೫ರಲ್ಲಿ ರೂಪಿಸಿ ೨೦೦೭ರಲ್ಲಿ ತಿದ್ದಿದ ಮುಕ್ತ ಫಾಂಟ್ ಪರವಾನಗಿಯೊಂದಿದೆ. ಅದರಡಿಯಲ್ಲಿ ಬಂದ ಫಾಂಟನ್ನು ಯಾರು ಬೇಕಾದರೂ ಬಳಸಬಹುದು, ಪುಸ್ತಕದಲ್ಲಿ ಅಡಕ ಮಾಡಬಹುದು, ಆ ಪುಸ್ತಕವನ್ನು ಮಾರಲೂಬಹುದು. ಫಾಂಟನ್ನೇ ಬಿಡಿಯಾಗಿ ಮಾರಬಾರದು. ನೋಟೋ ಮಾಲೆಯ ಕನ್ನಡ ಫಾಂಟುಗಳೂ ‘ತಿರೋ ಕನ್ನಡ’ವೂ ಹೀಗೆಯೇ ದೊರೆಯುತ್ತವೆ. ದಾನಿಯೇ ಬಾಗಿಲು ತೆರೆದಿಟ್ಟಿರುವಾಗ ಹಿತ್ತಿಲಿನಿಂದ ನುಗ್ಗಿದುದಕ್ಕೆ ಸೋಮಾರಿತನವಲ್ಲದೆ ಬೇರೆ ಕಾರಣವಿರಲಿಲ್ಲ.

ಎರಡನೆಯ ಪೆಟ್ಟು ಮೇಷ್ಟರ ಮನೆಯಿಂದಲೇ ಬಂತು. ಅವರ ತಂಗಿಗೆ ಎಂಬತ್ತು ದಾಟಿದೆ; ಕಣ್ಣು ಮಂಜು. ಮೊಮ್ಮಗಳು ಅಕ್ಷರವನ್ನು ದೊಡ್ಡದು ಮಾಡಿಕೊಟ್ಟಳು. ಅಜ್ಜಿಗೆ ಗೆರೆ ಇನ್ನೂ ದಪ್ಪ ಬೇಕೆನಿಸಿತು. ಹುಡುಗಿ ಪುಸ್ತಕದ ಫಾಂಟನ್ನು ಬಿಟ್ಟು ಫೋನಿನಲ್ಲಿಯೇ ಇದ್ದ ಬೇರೊಂದನ್ನು ಆರಿಸಿದಳು. ಆ ಕ್ಷಣಕ್ಕೆ ಮೇಷ್ಟರ ಪ್ರಬಂಧ ಮಾಯವಾಗಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿಯೊಂದು ಪುಟದ ತುಂಬ ಚೆಲ್ಲಿತು. ಹುಡುಗಿ ಫೋನೇ ಕೆಟ್ಟಿತೆಂದು ಹೆದರಿದಳಂತೆ.

ನನಗೆ ಮೊದಲು ಬಂದುದು ಕೋಪ. ನಾನು ಇಷ್ಟು ಯೋಚಿಸಿ ಇಟ್ಟ ಅಕ್ಷರವನ್ನು ಅವರೇಕೆ ಬದಲಿಸಬೇಕು? ಅಚ್ಚಿನ ಪುಸ್ತಕವನ್ನು ಕೊಂಡವರು ಅಕ್ಷರ ಬೇರೆ ಬೇಕೆನ್ನುತ್ತಾರೆಯೆ? ಈ ಕೋಪದಲ್ಲಿ ಒಂದಿಷ್ಟು ನ್ಯಾಯವೂ ಇದೆ. ಕವಿ ಸಾಲು ಒಡೆದ ಕಡೆ ಒಡೆಯಬೇಕು. ಹಳಗನ್ನಡದ ಪದ್ಯದಲ್ಲಿ ಱ, ೞ ಬಂದರೆ ಅವು ಮೂಡಲೇಬೇಕು. ಓದುಗನ ಯಂತ್ರದಲ್ಲಿರುವ ಫಾಂಟಿನಲ್ಲಿ ಅವು ಇಲ್ಲದಿರಬಹುದು. ಅಂಥಲ್ಲಿ ಫಾಂಟನ್ನು ಜೊತೆಗೆ ಕಳಿಸುವುದು ಮಗಳಿಗೆ ಬುತ್ತಿ ಕಟ್ಟಿ ಕಳಿಸಿದಂತೆ. ಹೋದ ಕಡೆ ಏನು ಸಿಕ್ಕುತ್ತದೋ ಎಂಬ ಕಾಳಜಿ ಅದು. ಆದರೆ ಬುತ್ತಿ ಕಟ್ಟುವುದು ಬೇರೆ, ದಾರಿಯಲ್ಲಿ ಬೇರೇನೂ ತಿನ್ನಕೂಡದೆಂದು ಬಾಯಿ ಕಟ್ಟುವುದು ಬೇರೆ. ಮಂಜುಗಣ್ಣಿನ ಅಜ್ಜಿಗೆ ನನ್ನ ಅಭಿರುಚಿಗಿಂತ ದಪ್ಪ ಗೆರೆ ಮುಖ್ಯ. ಆಕೆಗೆ ಅಣ್ಣನ ಮಾತು ಬೇಕು, ನನ್ನ ಅಲಂಕಾರವಲ್ಲ. ಪುಸ್ತಕ ಸಿದ್ಧಪಡಿಸುವವನು ರೂಪವನ್ನು ಸೂಚಿಸಬಹುದು, ವಿಧಿಸಲಾಗದು. ಇಷ್ಟು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಆದರೂ ಪುಟವೇಕೆ ಚೆಲ್ಲಿಹೋಯಿತೆಂಬುದರ ಪೂರ್ತಿ ಅರ್ಥ ಮನಸ್ಸಿಗೆ ಇಳಿದುದು ಮೂರನೆಯ ಪೆಟ್ಟು ಬಿದ್ದ ಮೇಲೆ. ಹಾಸನದಿಂದ ಒಬ್ಬರು ಫೋನು ಮಾಡಿದರು. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟಿನಿಂದ ದೃಷ್ಟಿಯಿಲ್ಲ. ಹೈಸ್ಕೂಲಿನಲ್ಲಿ ಮೇಷ್ಟರ ಶಿಷ್ಯರು. ಶಾಲೆ ಬಿಟ್ಟ ಮೇಲೆ ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಮೇಷ್ಟರು ಅವರಿಗೆ ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. “ಸಾರ್, ಮೇಷ್ಟರ ಪುಸ್ತಕ ಬಂತು ಅಂತ ಯಾರೋ ಕಳಿಸಿದರು. ಎಷ್ಟು ಆಸೆಯಿಂದ ತೆಗೆದೆ ಗೊತ್ತೆ? ಅದು ಕನ್ನಡ ಮಾತಾಡುತ್ತಲೇ ಇಲ್ಲವಲ್ಲ, ಸಾರ್. ಇಂಗ್ಲಿಷ್ ಅಕ್ಷರಗಳನ್ನು ಒಂದೇ ಸಮ ಒದರುತ್ತದೆ.” ಅವರ ದನಿಯಲ್ಲಿ ದೂರಿರಲಿಲ್ಲ. ಏನೋ ತಮ್ಮ ಯಂತ್ರದ್ದೇ ತಪ್ಪಿರಬೇಕೆಂಬ ಸಂಕೋಚವಿತ್ತು. ಅದೇ ನನಗೆ ಹೆಚ್ಚು ನೋವಾದುದು.

ಯಂತ್ರದ ತಪ್ಪಲ್ಲ. ದೃಷ್ಟಿಯಿಲ್ಲದವರಿಗಾಗಿ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯಾದಲ್ಲಿ ೨೦೦೬ರಲ್ಲಿ ಆರಂಭವಾದ ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಕ್ಕುತ್ತದೆ; ಕನ್ನಡವನ್ನೂ ಓದುತ್ತದೆ. ಆದರೆ ಅದು ಅಕ್ಷರದ ಆಕಾರವನ್ನು ನೋಡುವುದಿಲ್ಲ. ಆಕಾರದ ಹಿಂದೆ ಕಡತದಲ್ಲಿ ಏನು ಬರೆದಿದೆಯೋ ಅದನ್ನು ಓದುತ್ತದೆ. ನನ್ನ ಪುಸ್ತಕದಲ್ಲಿ ಆಕಾರ ಕನ್ನಡದ್ದು. ಹಿಂದೆ ಇದ್ದುದು ಇಂಗ್ಲಿಷ್ ಅಕ್ಷರಗಳು.

ಇದು ಹೇಗೆಂದರೆ, ಕಂಪ್ಯೂಟರು ನಮ್ಮ ನಾಡಿಗೆ ಬಂದಾಗ ಅದರಲ್ಲಿ ಕನ್ನಡಕ್ಕೆ ಪೀಠವಿರಲಿಲ್ಲ. ಇದ್ದ ಇನ್ನೂರೈವತ್ತಾರು ಸ್ಥಾನಗಳು ಇಂಗ್ಲಿಷಿಗೂ ಅದರ ಬಂಧುಬಳಗಕ್ಕೂ ಮೀಸಲಾಗಿದ್ದವು. ನಮ್ಮ ಜಾಣರು ಒಂದು ಉಪಾಯ ಮಾಡಿದರು. ಆ ಸ್ಥಾನಗಳ ಸಂಖ್ಯೆಯನ್ನು ಹಾಗೆಯೇ ಬಿಟ್ಟು, ಫಾಂಟಿನಲ್ಲಿ ಅವುಗಳ ಚಿತ್ರವನ್ನು ಮಾತ್ರ ಬದಲಿಸಿದರು. ಯಂತ್ರ ಇಂಗ್ಲಿಷೆಂದೇ ತಿಳಿದುಕೊಂಡು ಬರೆಯುತ್ತದೆ. ನೋಡುವವರಿಗೆ ಕನ್ನಡ ಕಾಣುತ್ತದೆ. ಅಂದಿಗೆ ಅದು ಸುಳ್ಳಲ್ಲ, ಸಾಹಸ. ಎಷ್ಟು ಪತ್ರಿಕೆಗಳು, ಎಷ್ಟು ಪುಸ್ತಕಗಳು ಆ ಉಪಾಯದ ಬಲದಿಂದ ಹೊರಬಂದವು! ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಆದರೆ ಒತ್ತು ಗುಣಿತಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ಸೌಕರ್ಯ ಜನಸಾಮಾನ್ಯರ ಕಂಪ್ಯೂಟರಿಗೆ ಬಂದುದು ತಡವಾಗಿ. ‘ತುಂಗಾ’ ಫಾಂಟಿನೊಡನೆ ವಿಂಡೋಸ್ ಎಕ್ಸ್‌ಪಿ ಹೊರಟುದು ೨೦೦೧ರಲ್ಲಿ. ಅಲ್ಲಿಯವರೆಗೆ ಕಾಯಲು ಕನ್ನಡಕ್ಕೆ ಪುರುಸೊತ್ತಿರಲಿಲ್ಲ. ಆ ಉಪಾಯ ಮಾಡಿದವರ ಋಣ ನಮ್ಮ ಮೇಲಿದೆ.

ಯೂನಿಕೋಡಿನ ಕ್ರಮದಲ್ಲಿ ನನಗೆ ಬಹಳ ಹಿಡಿಸಿದುದು ಒಂದು ಅಂಶ. ‘ಸೂರ್ಯ’ ಎಂಬ ಮಾತನ್ನು ನಾವು ಬರೆಯುವಾಗ ಯಕಾರದ ಆಮೇಲೆ ಅರ್ಕಾವೊತ್ತು ಬರುತ್ತದೆ. ನುಡಿಯುವಾಗ ರೇಫವೇ ಮೊದಲು, ಯಕಾರ ಆಮೇಲೆ. ಯೂನಿಕೋಡ್ ಕಡತದಲ್ಲಿ ಇರುವುದು ನುಡಿಯುವ ಕ್ರಮ. ಕಾಣುವ ಕ್ರಮವನ್ನು ಜೋಡಿಸುವುದು ಫಾಂಟಿನ ಕೆಲಸ. ಎಂದರೆ ಕಡತ ಕಿವಿಗೆ ನಿಷ್ಠವಾಗಿದೆ, ಫಾಂಟು ಕಣ್ಣಿಗೆ ನಿಷ್ಠವಾಗಿದೆ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದರೆ ಒಂದೇ ಮಾತು ನೋಡುವವನಿಗೂ ಸಿಕ್ಕುತ್ತದೆ, ಕೇಳುವವನಿಗೂ ಸಿಕ್ಕುತ್ತದೆ. ಆ ಪಟ್ಟಿಯೂ ಲೋಪವಿಲ್ಲದ್ದಲ್ಲ. ೞಕಾರಕ್ಕೆ ಅದರಲ್ಲಿ ಮೊದಲು ತಪ್ಪಾಗಿ ‘ಫ’ ಎಂಬ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂದು ವಚನ ಕೊಟ್ಟಿದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದಿದೆ; ಪಕ್ಕದಲ್ಲಿ ಸರಿಯಾದ ಹೆಸರನ್ನೂ ಬರೆದಿದ್ದಾರೆ. ತಪ್ಪನ್ನು ಅಳಿಸಿ ಹಾಕದೆ, ಅಡಗಿಸದೆ, ಇದು ತಪ್ಪು ಎಂದು ಬರೆದಿಡುವುದೂ ಒಂದು ಪ್ರಾಮಾಣಿಕತೆಯೇ.

ನನ್ನ ಪುಸ್ತಕದಲ್ಲಿ ಇಲ್ಲದಿದ್ದುದು ಇದೇ. ನಾನು ಸುಳ್ಳು ಹೇಳಿದೆನೆ? ಇಲ್ಲ. ಯಾರನ್ನಾದರೂ ವಂಚಿಸುವ ಉದ್ದೇಶವಿತ್ತೆ? ಅದೂ ಇಲ್ಲ. ಓದಿದ ಬಹುಮಂದಿಗೆ ಯಾವ ತೊಂದರೆಯೂ ಆಗಲಿಲ್ಲ. ಹಾಗಾದರೆ ತಪ್ಪೆಲ್ಲಿ? ನೋಡುವ ಕಣ್ಣೊಂದನ್ನೇ ಓದುಗನೆಂದು ಎಣಿಸಿದ್ದರಲ್ಲಿ. ಧಾರವಾಡದ ಕಡೆ ಕಸೂತಿ ಹಾಕುವ ಹೆಂಗಸರು ಗವಂತಿ ಎಂಬ ಹೊಲಿಗೆಯನ್ನು ಹಾಕುತ್ತಾರೆ. ಅದರ ಹೆಚ್ಚಳವೆಂದರೆ ಬಟ್ಟೆಯ ಒಳಮೈಯಲ್ಲಿಯೂ ಹೊರಮೈಯಲ್ಲಿಯೂ ಚಿತ್ತಾರ ಒಂದೇ. ಒಳಮೈಯನ್ನು ಯಾರು ನೋಡುತ್ತಾರೆಂದು ಆ ಹೆಣ್ಣುಮಗಳು ಕೇಳುವುದಿಲ್ಲ. ಇ-ಪುಸ್ತಕದ ಒಳಮೈಯನ್ನು ‘ನೋಡುವವರು’ ನಿಜವಾಗಿಯೂ ಇದ್ದಾರೆ. ದೃಷ್ಟಿಯಿಲ್ಲದವರಿದ್ದಾರೆ. ಒಂದು ಮಾತು ಪುಸ್ತಕದಲ್ಲಿ ಎಲ್ಲಿದೆಯೆಂದು ಹುಡುಕುವ ವಿದ್ಯಾರ್ಥಿಯಿದ್ದಾನೆ. ಅರ್ಥಕ್ಕಾಗಿ ನಿಘಂಟನ್ನು ತಟ್ಟುವ, ಪರದೇಶದಲ್ಲಿ ಬೆಳೆದ ಮೊಮ್ಮಕ್ಕಳಿದ್ದಾರೆ. ಐವತ್ತು ವರ್ಷದ ಮೇಲೆ ಈ ಫಾಂಟು ಎಲ್ಲಿಯೂ ಸಿಕ್ಕದ ಕಾಲದಲ್ಲಿ ಕಡತವನ್ನು ತೆರೆಯುವವನೊಬ್ಬನಿದ್ದಾನೆ. ಇವರಿಗೆಲ್ಲ ನನ್ನ ಪುಸ್ತಕ ಹೊರಗೆ ಥಳಥಳಿಸುವ, ಒಳಗೆ ಕಲಾಯಿಯಿಲ್ಲದ ಪಾತ್ರೆ.

‘ಇದೆಲ್ಲ ಸರಿ, ಆದರೆ ನಾಲ್ಕು ಜನರಿಗಾಗಿ ಇಷ್ಟು ಶ್ರಮವೆ?’ ಎಂದು ಕೇಳುವವರುಂಟು. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸಿದರೆ ಹೊಸ ತಪ್ಪುಗಳು ಹುಟ್ಟಿಕೊಳ್ಳುತ್ತವೆ. ಕರಡನ್ನು ಮೊದಲಿನಿಂದ ತಿದ್ದಬೇಕು. ಸಣ್ಣ ಪ್ರಕಾಶಕನಿಗೆ ಅದರ ಖರ್ಚು ಹೊರೆಯೇ. ಏನೂ ಇಲ್ಲದಿರುವುದಕ್ಕಿಂತ ಕಣ್ಣಿಗಷ್ಟೇ ಕಾಣುವ ಪ್ರತಿ ಇರುವುದು ಮ��ಲು ಎಂಬ ಮಾತನ್ನೂ ಒಪ್ಪುತ್ತೇನೆ. ಆದರೆ ಹಾಗೆಂದು ಮೊದಲ ಪುಟದಲ್ಲಿಯೇ ಹೇಳಿಬಿಡಬೇಕು. ನಮ್ಮ ದೇಶ ೨೦೧೨ರಲ್ಲಿ ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿ, ಅಂಗವಿಕಲರಿಗೆ ಓದಲು ಅನುಕೂಲವಾದ ರೂಪದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಲು ಅವಕಾಶ ಕೊಟ್ಟಿತು. ದೃಷ್ಟಿಯಿಲ್ಲದವರ ಓದಿಗಾಗಿ ೨೦೧೩ರಲ್ಲಿ ಮರಾಕೆಶ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ೨೦೧೪ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದುದೂ ಭಾರತವೇ. ಬಾಗಿಲು ತೆರೆದಿದೆ. ಆದರೆ ಬಾಗಿಲಲ್ಲಿ ಹೊರಗೆ ಬರುವ ಪುಸ್ತಕ ಮೂಕವಾಗಿದ್ದರೆ ಕಾಯಿದೆ ಏನು ಮಾಡೀತು? ಕಾಯಿದೆ ಅಪ್ಪಣೆ ಕೊಡಬಲ್ಲುದು, ಕರಡು ತಿದ್ದಲಾರದು. ಅದಲ್ಲದೆ ‘ನಾಲ್ಕು ಜನ’ ಎಂಬ ಲೆಕ್ಕದಲ್ಲಿಯೇ ಒಂದು ತೊಡಕಿದೆ. ಮೇಷ್ಟರ ಪುಸ್ತಕವನ್ನು ಎಲ್ಲರಿಗಿಂತ ಹೆಚ್ಚು ಬಯಸಿದವರು ಹಾಸನದ ಆ ಒಬ್ಬರು. ಪುಸ್ತಕ ತಲುಪದೆ ಉಳಿದುದೂ ಅವರಿಗೇ.

ಮತ್ತೆ ಕೆಲಸಕ್ಕೆ ಕೂತೆ. ಆದರೆ ಮೇಷ್ಟರ ಪತ್ನಿಗೆ ಹೇಳುವುದು ಹೇಗೆ? ಅವರಿಗೆ ಇಷ್ಟವಾದ ಆ ಗುಂಡನೆಯ ಅಕ್ಷರ ಯೂನಿಕೋಡಿನಲ್ಲಿ ದೊರೆಯುತ್ತಿರಲಿಲ್ಲ. ತೀರಿಕೊಂಡವರ ಇಷ್ಟ ಒಂದು ಕಡೆ, ಇರುವವರ ಅಗತ್ಯ ಒಂದು ಕಡೆ. ಸಂಕೋಚಪಡುತ್ತ ವಿಷಯ ತಿಳಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗನಿಗೆ ಇವರು ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದರು. ಕಾಫಿ ನಾನೇ ಕೊಡುತ್ತಿದ್ದೆ. ಅವನಿಗೆ ಕೇಳಿಸಲಿ,” ಎಂದರು. ಅಚ್ಚಾದ ಪುಸ್ತಕದ ಒಂದು ಪುಟದ ಚಿತ್ರವನ್ನು ಆರಂಭದಲ್ಲಿ ಹಾಕಿ, ಮೇಷ್ಟರು ಮೆಚ್ಚಿದ ಅಕ್ಷರ ಹೀಗಿತ್ತೆಂದು ಚಿತ್ರದ ಜೊತೆಗೆ ಮಾತಿನಲ್ಲಿಯೂ ವಿವರಿಸಿದೆ. ಉಳಿದುದಕ್ಕೆಲ್ಲ ಮುಕ್ತ ಪರವಾನಗಿಯ ಫಾಂಟೊಂದನ್ನು ಅದರ ಕರ್ತರ ಹೆಸರು ಹೇಳಿ ಅಡಕ ಮಾಡಿದೆ. ಬೇಡವಾದವರು ಅದನ್ನು ಬದಲಿಸಿಕೊಂಡರೂ ಮಾತು ಕೆಡದಂತೆ ನೋಡಿಕೊಂಡೆ. ಮೊದಲ ಸಲ ನಾಲ್ಕು ದಿನದ ಕೆಲಸ. ಈ ಸಲ ಏಳು ವಾರ ಹಿಡಿಯಿತು. ನಾನೂ ಅಕ್ಕನ ಮಗನೂ ಮೂರು ಸಲ ಕರಡು ತಿದ್ದಿದೆವು. ಒಂದು ತಪ್ಪೂ ಉಳಿದಿಲ್ಲವೆಂದು ಧೈರ್ಯ ಮಾಡಿ ಹಾಸನಕ್ಕೆ ಕಳಿಸಿದೆ.

ಮೂರನೆಯ ದಿನ ಫೋನು ಬಂತು. “ಓದಿದೆ, ಸಾರ್. ಮೇಷ್ಟರೇ ಮಾತಾಡಿದ ಹಾಗಾಯಿತು,” ಎಂದು ಅವರು ಸ್ವಲ್ಪ ತಡೆದರು. “ಒಂದು ಸಣ್ಣ ವಿಷಯ ಹೇಳಲೆ? ನಾಲ್ಕನೆಯ ಪ್ರಬಂಧದಲ್ಲಿ ‘ಸಂಜೆ’ ಅಂತ ಬರುವ ಕಡೆಯೆಲ್ಲ ‘ಸ’ ಅಂದು, ಆಮೇಲೆ ‘ಸೊನ್ನೆ’ ಅಂದು, ಆಮೇಲೆ ‘ಜೆ’ ಅನ್ನುತ್ತದೆ.”

ತೆರೆದು ನೋಡಿದೆ. ‘ಸಂಜೆ’ ಸರಿಯಾಗಿಯೇ ಇತ್ತು. ಕನ್ನಡಕ ಒರೆಸಿಕೊಂಡು ನೋಡಿದೆ, ಆಗಲೂ ಸರಿಯಾಗಿತ್ತು. ಕಡೆಗೆ ಅಕ್ಕನ ಮಗ ಕಂಡುಹಿಡಿದ. ಆ ಪ್ರಬಂಧವನ್ನು ನಾನು ಹೊಸದಾಗಿ ಬೆರಳಚ್ಚು ಮಾಡುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿದ್ದೆ. ಎರಡೂ ನೋಡಲು ಒಂದೇ ಉಂಗುರ. ನಮ್ಮ ಮೂರು ಸಲದ ತಿದ್ದುಪಡಿಯಲ್ಲಿ ನಾಲ್ಕು ಕಣ್ಣಿಗೂ ಅದು ಬೀಳಲಿಲ್ಲ; ಬೀಳುವ ಹಾಗೆಯೇ ಇರಲಿಲ್ಲ. ಹದಿನೇಳು ಕಡೆ ತಿದ್ದಿದೆ. ತಿದ್ದುವ ಮುಂಚೆ ಹೇಗಿತ್ತೋ ತಿದ್ದಿದ ಮೇಲೂ ಪುಟ ಹಾಗೆಯೇ ಇದೆ. ನೋಡಿದವರು ಯಾರೂ ಭೇದವನ್ನು ಹೇಳಲಾರರು. ಹೊಸ ಪ್ರತಿಯ ಕೊನೆಯ ಪುಟದಲ್ಲಿ, ಕರಡು ತಿದ್ದಿದವರ ಹೆಸರುಗಳ ಸಾಲಿನಲ್ಲಿ, ಅವರನ್ನು ಕೇಳಿ ಅವರ ಹೆಸರನ್ನೂ ಸೇರಿಸಿದ್ದೇನೆ.